ಸ್ಟಿಕ್ಕರ್ ಕೆಳಗೆ ಇನ್ನೊಂದು ಎಂಆರ್‌ಪಿ! ಹಾಸನದಲ್ಲಿ ತಗೊಂಡ ಗೇಮ್, ಏನು ಮಾಡಲಿ?

ಮೂಡಿಗೆರೆ_ಗೇಮರ್:
ನಮಸ್ಕಾರ ಎಲ್ಲರಿಗೂ. ಕಳೆದ ಭಾನುವಾರ ಹಾಸನಕ್ಕೆ ಹೋದಾಗ ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ತಮ್ಮನಿಗೆ ಅಂತ ಪಿಎಸ್4 (ಪ್ಲೇಸ್ಟೇಷನ್ 4, ಟಿವಿಗೆ ಹಾಕಿ ಆಡುವ ಗೇಮ್ ಯಂತ್ರ) ರೇಸಿಂಗ್ ಗೇಮ್ ತಗೊಂಡೆ. ಡಬ್ಬಿ ಮೇಲೆ ಹಳದಿ ಸ್ಟಿಕ್ಕರ್ ಇತ್ತು. ಎಂಆರ್‌ಪಿ 3,999, ಅದಕ್ಕೆ ಅಡ್ಡಗೆರೆ, ಪಕ್ಕದಲ್ಲಿ 1,799, ಮೇಲೆ ದಪ್ಪಕ್ಷರದಲ್ಲಿ '55% ರಿಯಾಯಿತಿ'.

ಮನೆಗೆ ಬಂದು ನೋಡಿದರೆ ಸ್ಟಿಕ್ಕರ್‌ನ ಒಂದು ಮೂಲೆ ಎದ್ದಿತ್ತು. ಉಗುರಲ್ಲಿ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಆಮದು ಮಾಡಿಕೊಂಡವರ ಬಿಳಿ ಲೇಬಲ್, ಅದರಲ್ಲಿ ಎಂಆರ್‌ಪಿ 1,999! ಅಂದರೆ ನಿಜವಾಗಿ ಕಮ್ಮಿಯಾಗಿದ್ದು ಬರೀ 200 ರೂಪಾಯಿ.

ಇನ್ನೂ ಬೇಜಾರಾಗಿದ್ದು ಡಬ್ಬಿ ಮೇಲಿದ್ದ 'ಕಂಪ್ಲೀಟ್ ಎಡಿಷನ್' ಅನ್ನೋ ಮಾತಿಗೆ. ಡಿಸ್ಕ್‌ನಲ್ಲಿ ಇರುವುದು ಮೂಲ ಗೇಮ್ ಮಾತ್ರ. ಹೆಚ್ಚುವರಿ ಕಾರು, ಟ್ರ್ಯಾಕ್‌ಗಳನ್ನು ನೆಟ್‌ನಿಂದ ಇಳಿಸಿಕೊಳ್ಳೋಕೆ ಒಂದು ಚೀಟಿಯಲ್ಲಿ ಕೋಡ್ ಕೊಟ್ಟಿದ್ದಾರೆ, ಚೀಟಿಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೊನೆಯ ದಿನಾಂಕ, ಅದು ಮುಗಿದು ವರ್ಷದ ಮೇಲಾಗಿದೆ. ಮಳೆ ಹಿಡಿದರೆ ನಮ್ಮ ತೋಟದ ಮನೆಯಲ್ಲಿ ನೆಟ್ ಇರಲ್ಲ, ಅದಕ್ಕೇ ನಾನು ಡಿಸ್ಕ್ ಹುಡುಕಿಕೊಂಡು ಹೋಗುವುದು. ಫೋನ್ ಮಾಡಿದರೆ ಅಂಗಡಿಯವರು "ಕಮ್ಮಿಗೇ ಕೊಟ್ಟಿದ್ದೀವಲ್ಲ ಸಾರ್" ಅಂದು ಇಟ್ಟುಬಿಟ್ಟರು. ಇದನ್ನು ಹೀಗೇ ಬಿಡಬೇಕಾ?

ಕೌಂಟರ್_ಅಣ್ಣ:
ನಾನು ಚಿಕ್ಕಮಗಳೂರಿನಲ್ಲಿ ಆರು ವರ್ಷ ಮೊಬೈಲ್, ಗೇಮ್ ಅಂಗಡಿಯ ಕೌಂಟರ್‌ನಲ್ಲಿ ನಿಂತವನು. ಹಳೇ ಗೇಮ್‌ಗಳ ಬೆಲೆ ಇಳಿಯುವುದು ಮಾಮೂಲು. ಹಾಗೆ ಇಳಿದಾಗ ಕಮ್ಮಿ ಬೆಲೆಯ ಸ್ಟಿಕ್ಕರ್ ಹಾಕಬಹುದು, ಆದರೆ ಮೊದಲಿನ ಎಂಆರ್‌ಪಿಯನ್ನು ಮುಚ್ಚುವ ಹಾಗಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮದಲ್ಲೇ ಇದು ಇದೆ. ನಿಮ್ಮದರಲ್ಲಿ ಆಗಿರುವುದು ಉಲ್ಟಾ. ಜಾಸ್ತಿ ಬೆಲೆ ಬರೆದು ನಿಜವಾದ ಬೆಲೆಯನ್ನು ಮುಚ್ಚಿದ್ದಾರೆ. ಇದು ತಪ್ಪೇ. ಸ್ಟಿಕ್ಕರನ್ನು ಪೂರ್ತಿ ಕೀಳಬೇಡಿ. ಎರಡು ಬೆಲೆಯೂ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆಯಿರಿ, ಬಿಲ್ ಜೋಪಾನ.

ಹಾಸನ_ಹೈದ:
ಮಾರಾಯ್ರೆ, 1,999ರದ್ದನ್ನು 1,799ಕ್ಕೆ ತಗೊಂಡಿದ್ದೀರಿ. ಎಂಆರ್‌ಪಿ ಮೀರಿಲ್ಲ. ಇಷ್ಟಕ್ಕೆ ಅಲೆದರೆ ಪೆಟ್ರೋಲ್ ದುಡ್ಡೂ ಹುಟ್ಟಲ್ಲ. ಕೋಡ್ ವಿಷಯ ಬೇಕಾದರೆ ಕೇಳಿ, ಅದು ನಿಜವಾಗಲೂ ಅನ್ಯಾಯ.

ಕೌಂಟರ್_ಅಣ್ಣ:
ಅಲ್ಲ ಹೈದ, 55% ಅಂತ ಬರೆಯದೇ ಇದ್ದಿದ್ದರೆ ಇವರು ಅವತ್ತು ತಗೊಳ್ಳುತ್ತಿದ್ದರಾ? ಇನ್ನೊಂದು ಕಡೆ ವಿಚಾರಿಸಿ ನೋಡುತ್ತಿದ್ದರು, ಅಲ್ವಾ? ಇಲ್ಲದ ಬೆಲೆ ಬರೆದು ಅದರಿಂದ ಕಳೆದು ತೋರಿಸಿದರೆ ಅದು ರಿಯಾಯಿತಿ ಹೇಗಾಗುತ್ತೆ? ಹಬ್ಬದ ಸೀಸನ್‌ನಲ್ಲಿ ಇಂಥ ಸ್ಟಿಕ್ಕರ್ ರೋಲ್‌ಗಟ್ಟಲೆ ಬರುವುದನ್ನು ನಾನೇ ನೋಡಿದ್ದೇನೆ. ಅಂಟಿಸಲ್ಲ ಅಂದಿದ್ದಕ್ಕೆ ಬೈಸಿಕೊಂಡಿದ್ದೂ ಇದೆ.

ಕಾಫಿನಾಡು_ಲಾಯರ್:
ಅಲೆಯುವ ಅಗತ್ಯವೇ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸ್ಟಿಕ್ಕರ್ ವಿಷಯಕ್ಕೆ ತೂಕ ಅಳತೆ ಇಲಾಖೆಗೂ ಒಂದು ದೂರು ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಅಂದರೆ ಚಿಕ್ಕಮಗಳೂರು ಸಾಕು, ಹಾಸನಕ್ಕೆ ಓಡಾಡಬೇಕಿಲ್ಲ. 5 ಲಕ್ಷದವರೆಗಿನ ಕೇಸಿಗೆ ಶುಲ್ಕವೂ ಇಲ್ಲ.

ಒಂದು ಮಾತು. ಕೋಡ್ ಚೀಟಿಯನ್ನೂ ಡಬ್ಬಿಯ 'ಕಂಪ್ಲೀಟ್' ಅನ್ನೋ ಅಕ್ಷರದ ಪಕ್ಕ ಇಟ್ಟು ಫೋಟೋ ತೆಗೆಯಿರಿ. ನನ್ನ ಪ್ರಕಾರ 200 ರೂಪಾಯಿ ಲೆಕ್ಕಕ್ಕಿಂತ ಗಟ್ಟಿ ದೂರು ಅದೇ.

ಮೂಡಿಗೆರೆ_ಗೇಮರ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಫೋಟೋ ಎರಡೂ ತೆಗೆದೆ, ಬಿಲ್ ಪರ್ಸ್‌ನಲ್ಲೇ ಇತ್ತು. ನಾಳೆ ಬೆಳಿಗ್ಗೆ ಅಂಗಡಿಗೆ ಇನ್ನೊಂದು ಸಲ ಫೋನ್ ಮಾಡಿ ದುಡ್ಡು ವಾಪಸ್ ಕೇಳುತ್ತೇನೆ, ಕೊಡಲ್ಲ ಅಂದರೆ 1915. ತಮ್ಮನಿಗೆ ಡಬ್ಬಿ ಇನ್ನೂ ಕೊಟ್ಟಿಲ್ಲ.