ಮುಟ್ಟಿದ ಮೇಲೆ ಮೆಸೇಜ್ ಮಾಡು

ಮಗಳಿಗೆ ಲೈಸೆನ್ಸ್ ಬಂದು ಐದು ವಾರ ಆಯಿತು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಈ ಐದು ವಾರದಲ್ಲಿ ನನಗೆ ಗೊತ್ತಾಗಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಡ್ರೈವಿಂಗ್‌ಗೆ ಇದುವರೆಗೆ ಎಲ್ಲರಿಗಿಂತ ಜಾಸ್ತಿ ತೊಂದರೆ ಕೊಟ್ಟವಳು ನಾನೇ.

ಮೂರನೇ ದಿನ ಆಗಿದ್ದು ಇದು. ಸಂಜೆ ಸ್ಯಾನ್ ಹೋಸೆಯಲ್ಲಿ ವಯಲಿನ್ ಕ್ಲಾಸು, 680 ಫ್ರೀವೇಯಲ್ಲಿ ಹೋಗಬೇಕು. ಅವಳು ಹೊರಟಳು. ನಾನು ಅಡುಗೆಮನೆ ಕಟ್ಟೆ ಮೇಲೆ ಫೋನ್ ನಿಲ್ಲಿಸಿಕೊಂಡು, ಅದರಲ್ಲಿ ಅವಳ ಲೊಕೇಶನ್ ತೆಗೆದು, ಬೀನ್ಸ್ ಹೆಚ್ಚುತ್ತಾ ನಿಂತೆ. ನೀಲಿ ಚುಕ್ಕೆ ಚೆನ್ನಾಗಿಯೇ ಹೋಗ್ತಾ ಇತ್ತು, ಮಿಲ್ಪಿಟಾಸ್ ಹತ್ತಿರ ಬಂದಿದ್ದೇ ತಡ, ನಿಂತುಬಿಟ್ಟಿತು. ಮೂರು ನಿಮಿಷ. ಐದು ನಿಮಿಷ. ಅಲ್ಲಾಡಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಒಟ್ಟು ನಾಲ್ಕು ಸಲ. ಯಜಮಾನರಿಗೆ "ಕೀ ತಗೊಳ್ಳಿ, ಹೋಗೋಣ" ಅಂದೆ, ಅವರು ಚಪ್ಪಲಿ ಹುಡುಕುವಷ್ಟರಲ್ಲಿ ಚುಕ್ಕೆ ಒಂದೇ ಸಲಕ್ಕೆ ಎಲ್ಲೋ ಹಾರಿ ಕ್ಲಾಸಿನ ಬಾಗಿಲಲ್ಲಿ ಕೂತಿತ್ತು. ನಿಂತಿದ್ದು ಆ್ಯಪ್, ಕಾರಲ್ಲ.

ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದಳು. "ಅಮ್ಮಾ, ನೀನು ಕಾಲ್ ಮಾಡಿದಾಗಲೆಲ್ಲ ಸ್ಕ್ರೀನ್ ಮೇಲೆ ನಿನ್ನ ಹೆಸರು ಬಂದು ಮ್ಯಾಪ್ ಮುಚ್ಚಿಹೋಗ್ತಾ ಇತ್ತು. ಎಕ್ಸಿಟ್ ತಪ್ಪಿದ್ದು ಅದಕ್ಕೇ." ನನಗೆ ಅನ್ನ ಗಂಟಲಲ್ಲೇ ನಿಂತಿತು. ಇಲ್ಲಿ 18 ತುಂಬದವರು ಗಾಡಿ ಓಡಿಸುವಾಗ ಹ್ಯಾಂಡ್ಸ್‌ಫ್ರೀಯಲ್ಲೂ ಮಾತಾಡುವ ಹಾಗಿಲ್ಲ. ಅಂದರೆ ಅವಳು ಫೋನ್ ಎತ್ತಿದ್ದರೆ ತಪ್ಪು ಅವಳದಾಗುತ್ತಿತ್ತು. ಎತ್ತುವ ತನಕ ಬಿಡದೆ ಮಾಡುತ್ತಿದ್ದವಳು ನಾನು!

ಹಾಗಂತ ಭಯ ಸುಮ್ಸುಮ್ನೆ ಅಲ್ಲ. ಇಲ್ಲಿನ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕದ ಪ್ರಕಾರ, ಓಡಿಸಿದ ಮೈಲಿಗೆ ಹೋಲಿಸಿದರೆ 16ರಿಂದ 19 ವಯಸ್ಸಿನವರು ಸಾವು ಸಂಭವಿಸುವಂಥ ಅಪಘಾತಕ್ಕೆ ಸಿಕ್ಕಿಕೊಳ್ಳುವುದು 20 ದಾಟಿದವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಅದರಲ್ಲೂ ಲೈಸೆನ್ಸ್ ಬಂದ ಮೊದಲ ಕೆಲವು ತಿಂಗಳೇ ಕಷ್ಟದ ಕಾಲ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರು ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವ ಹಾಗಿಲ್ಲ, 20 ವರ್ಷದ ಒಳಗಿನವರನ್ನು ಕೂರಿಸಿಕೊಳ್ಳುವ ಹಾಗಿಲ್ಲ, ಕಾರಲ್ಲಿ ಲೈಸೆನ್ಸ್ ಇರುವ ಅಪ್ಪನೋ ಅಮ್ಮನೋ ಅಥವಾ 25 ದಾಟಿದ ಡ್ರೈವರೋ ಇದ್ದರೆ ಸರಿ. ತಮ್ಮನನ್ನು ಕ್ಲಾಸಿಗೆ ಬಿಟ್ಟು ಬಾ ಅನ್ನಬೇಕೆಂದರೂ, ಬೇರೆ ದಾರಿ ಇಲ್ಲ ಅನ್ನುವ ಕಾರಣ ಬರೆದು, ಆ ಅಗತ್ಯ ಎಲ್ಲಿಯವರೆಗೆ ಅಂತಲೂ ಬರೆದು, ನಾವು ಸಹಿ ಮಾಡಿದ ಪತ್ರ ಅವಳ ಕೈಯಲ್ಲಿರಬೇಕು.

ನಮ್ಮವರಿಗೆ ಇದು ಅರ್ಥ ಆಗುವುದಿಲ್ಲ. "ನಿಮ್ಮ ಮಗಳು ಹೇಗೂ ಹೋಗ್ತಾಳಲ್ಲ, ನಮ್ಮವನನ್ನೂ ಹತ್ತಿಸಿಕೊಳ್ಳಲಿ ಬಿಡಿ, ಎರಡೇ ಮೈಲಿ" ಅಂತ ಆಗಲೇ ಇಬ್ಬರು ಕೇಳಿದರು. ಒಬ್ಬರಿಗೆ ಇಲ್ಲ ಅಂದೆ, ಅವರು ಈಗ ಮುಖ ಕೊಟ್ಟು ಮಾತಾಡುತ್ತಿಲ್ಲ. ಇನ್ನೊಬ್ಬರಿಗೆ ದಾಕ್ಷಿಣ್ಯಕ್ಕೆ "ನೋಡೋಣ" ಅಂದುಬಿಟ್ಟೆ. ಅದೇ ತಪ್ಪಾಗಿದ್ದು, ಈಗ ಅವರು ವಾರಕ್ಕೊಮ್ಮೆ ಕೇಳುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದರೂ ಹೇಳಿಯೇಬಿಡುತ್ತೇನೆ. ಪರ್ಮಿಟ್, ಅಂದರೆ ಕಲಿಯುವವರ ಲೈಸೆನ್ಸ್, ಬಂದ ಮೇಲೆ ಕಡಿಮೆ ಅಂದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ನಮ್ಮ ಜೊತೆ 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿಯದು. ಆಗಿದೆ ಅಂತ ಸಹಿ ಹಾಕುವವರು ನಾವೇ, ಯಾರೂ ಪರೀಕ್ಷೆ ಮಾಡುವುದಿಲ್ಲ. ಹದಿನೈದು ಗಂಟೆ ಓಡಿಸಿ ಐವತ್ತಕ್ಕೆ ಸಹಿ ಹಾಕಿದವರನ್ನು ನಾನು ಬಲ್ಲೆ. ವಾರಕ್ಕೆ ಎರಡು ಗಂಟೆ ಹಿಡಿದರೂ ಆರು ತಿಂಗಳಲ್ಲಿ ಐವತ್ತು ದಾಟುತ್ತದೆ, ಅಷ್ಟೂ ಆಗಲ್ವಾ? ಕೋಚಿಂಗ್ ಕ್ಲಾಸಿಗೆ ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ಅಪ್ರಾಪ್ತ ಮಕ್ಕಳ ಅರ್ಜಿಗೆ ಸಹಿ ಹಾಕಿದ ಮೇಲೆ ಅವರು ಗುದ್ದಿದ್ದಕ್ಕೆ ದುಡ್ಡಿನ ಹೊಣೆಯೂ ನಮ್ಮ ಮೇಲೆ ಬರುತ್ತದೆ ಅನ್ನುವುದು ನೆನಪಿರಲಿ. ಇನ್ಶೂರೆನ್ಸ್ ಬಗ್ಗೆ ಕೇಳಲೇಬೇಡಿ, ಬಿಲ್ ನೋಡಿ ಯಜಮಾನರು ಎರಡು ದಿನ ಮಾತಾಡಲಿಲ್ಲ. ಮಾರ್ಕ್ಸ್ ಚೆನ್ನಾಗಿದ್ದರೆ ತುಂಬಾ ಕಂಪನಿಗಳು ಸ್ವಲ್ಪ ರಿಯಾಯಿತಿ ಕೊಡುತ್ತವೆ, ಕೇಳಿ ತಗೊಳ್ಳಿ.

ನಾವು ಹೇಳಿಕೊಡುವುದನ್ನೇ ಮರೆತಿದ್ದ ಒಂದು ವಿಷಯ ಅಂದರೆ ಪೊಲೀಸ್ ನಿಲ್ಲಿಸಿದರೆ ಏನು ಮಾಡಬೇಕು ಅನ್ನುವುದು. ನಾನು ಮೈಸೂರಲ್ಲಿ ಸ್ಕೂಟಿ ಓಡಿಸಿದವಳು. ಅಲ್ಲಿ ಕೈ ಅಡ್ಡ ಹಾಕಿದರೆ ಗಾಡಿ ಸ್ಟ್ಯಾಂಡ್ ಹಾಕಿ, ಡಿಕ್ಕಿಯಿಂದ ಪೇಪರ್ ತೆಗೆದುಕೊಂಡು, ನಾವೇ ಅವರ ಹತ್ತಿರ ನಡೆದುಹೋಗಿ "ಸಾರ್, ಸಾರ್" ಅನ್ನಬೇಕು. ಇಲ್ಲಿ ಹಾಗೆ ಇಳಿದು ಹೋದರೆ ಕಥೆಯೇ ಬೇರೆ. ಗ್ಯಾರೇಜ್ ಮುಂದೆ ಕಾರಲ್ಲಿ ಅವಳನ್ನು ಕೂರಿಸಿ, ಯಜಮಾನರು ಟಾರ್ಚ್ ಹಿಡಿದು ಪೊಲೀಸ್ ಆಗಿ, ನಾಟಕ ಆಡಿಯೇ ಕಲಿಸಿದೆವು. ಬಲಕ್ಕೆ ನಿಲ್ಲಿಸು, ಇಳಿಯಬೇಡ, ಕತ್ತಲಿದ್ದರೆ ಒಳಗಿನ ಲೈಟ್ ಹಾಕು, ಎರಡೂ ಕೈ ಸ್ಟಿಯರಿಂಗ್ ಮೇಲೆ ಕಾಣುವ ಹಾಗೆ ಇಡು, ಪೇಪರ್ ತೆಗೆಯಲು ಕೈ ಹಾಕುವ ಮುಂಚೆ ಬಾಯಿಬಿಟ್ಟು ಹೇಳು. 2024ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರು ಬೇರೆ ಪ್ರಶ್ನೆ ಕೇಳುವ ಮುಂಚೆ ಯಾಕೆ ನಿಲ್ಲಿಸಿದೆವು ಅನ್ನುವುದನ್ನು ಮೊದಲು ಹೇಳಬೇಕು, ತೀರಾ ಅಪಾಯದ ಸಂದರ್ಭ ಬಿಟ್ಟು. ಅದನ್ನೂ ಹೇಳಿದೆವು. ಅವಳು ನಗುತ್ತಲೇ ಮಾಡಿದಳು, ಎರಡನೇ ಸಲ ಮಾತ್ರ ನಗಲಿಲ್ಲ.

ಈಗ ಮನೆಯಲ್ಲಿ ಒಂದು ಕರಾರು. ಹೊರಡುವ ಮುಂಚೆ ಮ್ಯಾಪ್ ಹಾಕಿ, ಫೋನ್ ಡ್ರೈವಿಂಗ್ ಮೋಡ್‌ಗೆ ಹಾಕುತ್ತಾಳೆ. ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡಿದ ಮೇಲೆ "ಮುಟ್ಟಿದೆ" ಅಂತ ಒಂದೇ ಪದ. ಅದು ಬರುವ ತನಕ ನಾನು ಫೋನ್ ಮಾಡಬಾರದು, ಹೇಳಿದ ಹೊತ್ತಿಗೆ ಅರ್ಧ ಗಂಟೆ ಮೀರಿದರೆ ಮಾತ್ರ ಮಾಡಬಹುದು. ಚುಕ್ಕೆ ನೋಡುವುದನ್ನು ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಕಷ್ಟ ಆಗಿದ್ದು ನಮ್ಮತ್ತೆಗೆ ಹೇಳುವುದು. ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಕಾಫಿ ಮುಗಿಸಿ ಮೊಮ್ಮಗಳಿಗೆ ವಿಡಿಯೋ ಕಾಲ್ ಮಾಡುವುದು ಅವರ ಅಭ್ಯಾಸ, ಆಗ ಇಲ್ಲಿ ಹಿಂದಿನ ಸಂಜೆ ಏಳೂವರೆ, ಸರಿಯಾಗಿ ಅವಳು ಕ್ಲಾಸಿಂದ ವಾಪಸ್ ಬರುವ ಹೊತ್ತು. "ಅತ್ತೆ, ಒಂಬತ್ತಕ್ಕೆ ಮಾಡಿ" ಅಂದರೆ, "ಮಗು ಕಾರು ಓಡಿಸ್ತದಾ? ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೀರಾ?" ಅಂತ ಕೇಳಿದರು. ಲಿವರ್‌ಮೋರ್ ದೇವಸ್ಥಾನದಲ್ಲಿ ಇಟ್ಟಿದ್ದೇವೆ ಅಂದ ಮೇಲೆ ಒಂಬತ್ತಕ್ಕೆ ಒಪ್ಪಿದರು.

ಈಗ ನಿಮ್ಮನ್ನೊಂದು ಕೇಳಬೇಕು. ಮುಂದಿನ ತಿಂಗಳು ಅವಳಿಗೆ ಹೈವೇ 17ರಲ್ಲಿ ಸ್ಯಾಂಟಾ ಕ್ರೂಜ್‌ಗೆ ಒಬ್ಬಳೇ ಹೋಗಬೇಕಂತೆ, ಗೆಳತಿಯರು ಅವರವರ ಅಪ್ಪ ಅಮ್ಮನ ಕಾರಲ್ಲಿ ಅಲ್ಲಿಗೇ ಬರುತ್ತಾರಂತೆ. ಲಾಸ್ ಗಾಟೋಸ್ ದಾಟಿದರೆ ಬರೀ ತಿರುವು, ಪಕ್ಕಕ್ಕೆ ನಿಲ್ಲಿಸಲು ಜಾಗ ಕಡಿಮೆ, ಹಿಂದೆ ಬರುವವರಿಗೆ ತಾಳ್ಮೆ ಇಲ್ಲ. ಯಜಮಾನರು ಹೋಗಲಿ ಅಂತಾರೆ, ನಾನು ಬೇಡ ಅಂದಿದ್ದೇನೆ. ಆಗುಂಬೆ ಘಾಟಿಯಲ್ಲಿ ಓಡಾಡಿದ ಮನುಷ್ಯನಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ನಿಮ್ಮ ಮಕ್ಕಳನ್ನು 17ರಲ್ಲಿ ಒಬ್ಬರನ್ನೇ ಕಳಿಸಿದ್ದು ಲೈಸೆನ್ಸ್ ಬಂದು ಎಷ್ಟು ತಿಂಗಳಿಗೆ? ಅದಕ್ಕೆ ಮುಂಚೆ ಪಕ್ಕದಲ್ಲಿ ಕೂತು ಎಷ್ಟು ಸಲ ಹೋಗಿಬಂದಿರಿ?