ಪಹಣಿ ಯಾರ ಚೀಲದಲ್ಲಿ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ದಾಖಲೆ, ಅದರ ಬಗ್ಗೆ ಭಾನುವಾರ ನಡೆದ ಜಗಳ ಇದು. ಹೂವಿನ ಚಿತ್ರಗಳು, ಶುಭೋದಯಗಳು, ಪ್ರತಿ ಮಾತಿಗೂ ನಮ್ಮಪ್ಪ ಒತ್ತಿದ ಕೈಮುಗಿಯುವ ಗುರುತು, ಇವನ್ನು ತೆಗೆದಿದ್ದೇನೆ. ದೊಡ್ಡಪ್ಪ ನಿವೃತ್ತ ಗ್ರಾಮ ಲೆಕ್ಕಿಗರು, ಈಗ ಮಂಡ್ಯದಲ್ಲಿದ್ದಾರೆ. ಚಿಕ್ಕಪ್ಪ ಊರಲ್ಲಿ ಗದ್ದೆ ನೋಡಿಕೊಳ್ಳುತ್ತಾರೆ. ಜಯತ್ತೆ ಮೈಸೂರಿನ ಕುವೆಂಪುನಗರ. ಕಿರಣ ದೊಡ್ಡಪ್ಪನ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್. ಗೀತಾ ಚಿಕ್ಕಪ್ಪನ ಮಗಳು, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಾಳೆ. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಚಿಕ್ಕಪ್ಪ ಮಾತ್ರ "ಏನಾದರೂ ಮಾಡ್ಕೊ" ಎಂದರು.

ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): ಕಂಪ್ಯೂಟರ್ ಬಂತು, ಮನುಷ್ಯ ಹೋದ! ಆಗ ಲೆಕ್ಕಿಗ ಊರಿಗೇ ಬರುತ್ತಿದ್ದ. ಜಗಲಿ ಮೇಲೆ ಕೂತು, ಕಾಫಿ ಕುಡಿದು, ಪಹಣಿ ಬರೆದುಕೊಡುತ್ತಿದ್ದ. ಎಲ್ಲರ ಹೊಲ, ಎಲ್ಲರ ಕಷ್ಟ ಅವನಿಗೆ ಗೊತ್ತಿತ್ತು. ಈಗ ಕೌಂಟರ್ ಮುಂದೆ ನಿಂತರೆ ಒಂದೇ ಉತ್ತರ, ಸರ್ವರ್ ಡೌನ್. ಇಂಟರ್ನೆಟ್ ನಮ್ಮ ಸಮಾಜವನ್ನು ಹಾಳು ಮಾಡಿತು. ನಿಜ ಅನ್ನಿಸಿದರೆ ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ನೂರಕ್ಕೆ ನೂರು ನಿಜ ಅಣ್ಣ. ಮೊನ್ನೆ ಪಹಣಿಗೆ ಹೋಗಿ ಅರ್ಧ ದಿನ ಕಾದು ಸುಮ್ನೆ ವಾಪಸ್ ಬಂದೆ.

ಕಿರಣ: ಅಪ್ಪ, ಇಂಟರ್ನೆಟ್ ಹಾಳು ಅನ್ನೋದನ್ನ ಇಂಟರ್ನೆಟ್‌ನಲ್ಲೇ ಹತ್ತು ಜನಕ್ಕೆ ಕಳಿಸಬೇಕಾ? 😄

ಕಿರಣ: ಚಿಕ್ಕಪ್ಪ, ಯಾಕೆ ಹೋಗಿ ಕಾದಿರಿ? ಸರ್ಕಾರದ ಭೂಮಿ ವೆಬ್‌ಸೈಟ್‌ನಲ್ಲಿ ದುಡ್ಡು ಕಟ್ಟಿದರೆ ಮನೆಯಲ್ಲೇ ಪ್ರಿಂಟ್ ಸಿಗುತ್ತೆ. ಭೂಮಿ ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿಸಿದರು. 67 ಲಕ್ಷ ರೈತರದ್ದು, 177 ತಾಲ್ಲೂಕಿನದ್ದು. ಆಗ 15 ರೂಪಾಯಿ ಕೊಟ್ಟರೆ ಕೌಂಟರಲ್ಲೇ ಕೈಗೆ ಬರುತ್ತಿತ್ತು. ಅದಕ್ಕೂ ಮೊದಲು ಎಷ್ಟು ಕೊಡಬೇಕಿತ್ತು, ಯಾರಿಗೆ ಕೊಡಬೇಕಿತ್ತು ಅಂತ ಊರಲ್ಲಿ ಯಾರನ್ನಾದರೂ ಕೇಳಿ.

ದೊಡ್ಡಪ್ಪ: ಯಾರಿಗೆ ಅಂದರೆ ನನಗೆ ಅಂತ ತಾನೆ?

ಕಿರಣ: ನಿಮಗೆ ಅಂತ ಎಲ್ಲಿ ಹೇಳಿದೆ ಅಪ್ಪ?

ದೊಡ್ಡಪ್ಪ: ಹೇಳಬೇಕಿಲ್ಲ ಬಿಡು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರಿದ್ದೆವು. ಒಬ್ಬೊಬ್ಬನಿಗೆ ಮೂರು ನಾಲ್ಕು ಹಳ್ಳಿ. ಭೂಮಿ ಬಂತು, 'ಲಂಚಕೋರ ಲೆಕ್ಕಿಗನಿಂದ ರೈತರಿಗೆ ಬಿಡುಗಡೆ' ಅಂತ ಎಲ್ಲರೂ ಭಾಷಣ ಮಾಡಿದರು. ಆ ಕಂಪ್ಯೂಟರಿಗೆ ಮಾಹಿತಿ ಎಲ್ಲಿಂದ ಬಂತು? ನಮ್ಮ ಪುಸ್ತಕದಿಂದ. ಡಾಟಾ ಎಂಟ್ರಿ ಹುಡುಗರಿಗೆ ಖರಾಬು ಗೊತ್ತಿಲ್ಲ, ಗುಂಟೆ ಗೊತ್ತಿಲ್ಲ. ಅವರು ಹೊಡೆದ ಪ್ರಿಂಟನ್ನು ರಾತ್ರಿ ಕೂತು ಕೆಂಪು ಪೆನ್ನಲ್ಲಿ ತಿದ್ದಿದ್ದು ನಾವು. ಆಮೇಲೆ ಕೈಬರಹದ ಪಹಣಿ ಚಲಾವಣೆಯಲ್ಲಿಲ್ಲ ಅಂದರು. ಮುಗೀತು.

(ಇಲ್ಲಿ ದೊಡ್ಡಪ್ಪನ ಮಾತು ಸುಳ್ಳಲ್ಲ. ಅವರ ಆ ಕೆಂಪು ಪೆನ್ನಿನ ಹಾಳೆಗಳು ಅಟ್ಟದ ಮೇಲೆ ಇನ್ನೂ ಇವೆ. ದೊಡ್ಡಮ್ಮ ಎಸೆಯಲು ನೋಡಿದಾಗಲೆಲ್ಲ ಮನೆಯಲ್ಲಿ ಗಲಾಟೆ.)

ಗೀತಾ: ದೊಡ್ಡಪ್ಪ ಹೇಳುವುದರಲ್ಲಿ ಒಂದು ವಿಷಯ ಇದೆ ಕಿರಣಣ್ಣ. ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಜೊತೆಯವರು 2007ರಲ್ಲಿ ಭೂಮಿ ಬಗ್ಗೆ ಒಂದು ಅಧ್ಯಯನ ಮಾಡಿದ್ದರು. ನಮ್ಮ ತರಗತಿಯಲ್ಲಿ ಓದಿಸಿದರು. ಅಧಿಕಾರ ಊರಿನ ಲೆಕ್ಕಿಗನ ಕೈಯಿಂದ ತಾಲ್ಲೂಕಿಗೆ ಹೋಯಿತು, ಲಂಚ ನಿಲ್ಲಲಿಲ್ಲ, ದೊಡ್ಡ ಜಮೀನು ವ್ಯಾಪಾರದವರಿಗೇ ಜಾಸ್ತಿ ಅನುಕೂಲ ಆಯಿತು ಅನ್ನೋದು ಅವರ ವಾದ.

ಚಿಕ್ಕಪ್ಪ: ಸರಿಯಾಗಿ ಹೇಳಿದೆ ಮಗಳೇ. ಎಕ್ಸ್‌ಪ್ರೆಸ್ ಹೈವೇ ಆದಮೇಲೆ ಬ್ರೋಕರುಗಳು ಊರಿಗೆ ಬರುವ ಮೊದಲೇ ಸರ್ವೆ ನಂಬರ್ ಹೇಳುತ್ತಾರೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಬದುವಿನ ಮೇಲೆ ನಿಂತುಕೊಳ್ಳುತ್ತಾರೆ. 'ನಿಮ್ಮ ಪಹಣಿಯಲ್ಲಿ 11ನೇ ಕಾಲಂನಲ್ಲಿ ಸಾಲ ಇದೆಯಲ್ಲ, ತೀರಿಸಿಕೊಡುತ್ತೇವೆ, ಜಮೀನು ಕೊಡಿ' ಅಂತಾರೆ. ನನ್ನ ಸಾಲ ಅವನಿಗೆ ಹೇಗೆ ಗೊತ್ತು?

ಕಿರಣ: ಪಹಣಿ ಸಾರ್ವಜನಿಕ ದಾಖಲೆ ಚಿಕ್ಕಪ್ಪ. ಯಾರು ಬೇಕಾದರೂ ನೋಡಬಹುದು.

ಚಿಕ್ಕಪ್ಪ: ಅದೇ ತಪ್ಪು ಅಂತಿರೋದು. ಮನೆ ವಿಷಯ ಯಾರು ಬೇಕಾದರೂ ಯಾಕೆ ನೋಡಬೇಕು?

ನಾನು: ಬ್ರೋಕರ್ ಮೊದಲೂ ನೋಡುತ್ತಿದ್ದ ಚಿಕ್ಕಪ್ಪ. ಲೆಕ್ಕಿಗರ ಮನೆಗೆ ಹೋಗಿ ನೋಡುತ್ತಿದ್ದ. ನೋಡೋಕೆ ಆಗದೆ ಇದ್ದವರು ಬೇರೆ ಜನ. ಇನ್ನೊಂದು ವಿಷಯ. ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. 2024ರ ಸೆಪ್ಟೆಂಬರಲ್ಲಿ ಅವರೇ ಮುಷ್ಕರ ಮಾಡಿದರು. ಒಂದೊಂದು ಕೆಲಸಕ್ಕೆ ಒಂದೊಂದು ಆ್ಯಪ್, ಆದರೆ ಒಳ್ಳೆ ಮೊಬೈಲ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ ಅಂತ. ದೊಡ್ಡಪ್ಪ, ಆ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ? ಕಂಪ್ಯೂಟರ್ ಬಂದಿದ್ದಕ್ಕೆ ಸಿಟ್ಟಾಗುವ ಬದಲು, ಕೆಲಸ ಹೊರಿಸಿ ಸಾಮಾನು ಕೊಡದೆ ಇರುವವರ ಮೇಲೆ ಸಿಟ್ಟಾಗಬೇಕು ಅಲ್ವಾ?

ದೊಡ್ಡಪ್ಪ: ಅದು ಸರಿ. ಪಾಪ ಆ ಹುಡುಗರು. ನಮ್ಮ ಕಾಲದಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಪಹಣಿ ಪುಸ್ತಕ. ಅಷ್ಟೇ.

(ಇಲ್ಲಿಗೆ ಮುಗಿಯುತ್ತಿತ್ತು. ಚಿಕ್ಕಪ್ಪ ವಿ.ಸಿ. ನಾಲೆಗೆ ನೀರು ಬಿಟ್ಟ ಫೋಟೊ ಹಾಕಿದರು. ನಮ್ಮಪ್ಪ ಕೈಮುಗಿದರು. ಆಗ ಜಯತ್ತೆಯ ವಾಯ್ಸ್ ಮೆಸೇಜ್ ಬಂತು. ಅತ್ತೆ ಟೈಪ್ ಮಾಡುವುದಿಲ್ಲ, ಕನ್ನಡಕ ಹುಡುಕಬೇಕು ಅಂತ. ಕೇಳಿ ಬರೆದಿದ್ದೇನೆ.)

ಜಯತ್ತೆ: ಅಣ್ಣ, ಆ ಚೀಲ ನನಗೆ ಚೆನ್ನಾಗಿ ನೆನಪಿದೆ. ಹಬ್ಬಕ್ಕೆ ಬಂದಾಗ ಗೂಟಕ್ಕೆ ನೇತು ಹಾಕಿರುತ್ತಿತ್ತು. ನಾನು ಒಂದು ಸಲವೂ ಮುಟ್ಟಿದವಳಲ್ಲ. ಅಪ್ಪನ ಗದ್ದೆ ಯಾರ ಹೆಸರಲ್ಲಿದೆ ಅಂತ ಕೇಳಿದವಳೂ ಅಲ್ಲ. ಕೇಳಿದರೆ ಏನಂತಿದ್ರಿ? 'ಇವಳಿಗೆ ಈಗ್ಯಾಕೆ ಇದು' ಅಂತಿದ್ರಿ. ನನ್ನ ಗಂಡನ ಕಡೆಯವರು ಹೇಳಿಕೊಟ್ಟಿದ್ದಾರೆ ಅಂತಿದ್ರಿ. ಈಚೆಗೆ ಮೊಮ್ಮಗ ಫೋನಲ್ಲಿ ತೆಗೆದು ತೋರಿಸಿದ. ಜಿಲ್ಲೆ ಒತ್ತಿದ, ತಾಲ್ಲೂಕು ಒತ್ತಿದ, ಹೋಬಳಿ, ಊರು, ಸರ್ವೆ ನಂಬರ್. ನಂಬರ್ ನನಗೆ ಬಾಯಿಪಾಠ, ಅಪ್ಪ ಹೇಳುತ್ತಿದ್ದರಲ್ಲ. ಒಂಬತ್ತನೇ ಕಾಲಂನಲ್ಲಿ, ಮಾಲೀಕರ ಹೆಸರಿರುತ್ತಲ್ಲ ಅಲ್ಲಿ, ಮೂರು ಹೆಸರು ಬಂತು. ನೀವು ಮೂರೇ ಜನ. ಖಾತೆ ಬದಲಾದ ದಾಖಲೆ, ಮ್ಯುಟೇಷನ್ ಅಂತಾರಲ್ಲ, ಅದನ್ನೂ ತೆಗೆದ. ಪೌತಿ, ಅಂದರೆ ತೀರಿಕೊಂಡವರ ಖಾತೆ, ವಾರಸುದಾರರು ಅಂತಿದೆ. ಅಲ್ಲೂ ಮೂರೇ. ನಾನು ಅಪ್ಪನ ಮಗಳಲ್ವಾ?

(ಸುಮಾರು ಹೊತ್ತು ಯಾರೂ ಏನೂ ಹಾಕಲಿಲ್ಲ. ನಮ್ಮಪ್ಪ ಕೂಡ.)

ಚಿಕ್ಕಪ್ಪ: ಅಕ್ಕ, ಇದು ಇಲ್ಲಿ ಮಾತಾಡೋ ವಿಷಯ ಅಲ್ಲ. ಮಕ್ಕಳೆಲ್ಲ ಇದ್ದಾರೆ.

ಗೀತಾ: ಮಕ್ಕಳು ಪಹಣಿ ಬಗ್ಗೆ ಬೆಳಗ್ಗೆಯಿಂದ ಮಾತಾಡುತ್ತಾ ಇದ್ದಾರಲ್ಲ ಅಪ್ಪ.

ದೊಡ್ಡಪ್ಪ: ಜಯ, ನಿನ್ನ ಮದುವೆ ಆದದ್ದು 1994ಕ್ಕಿಂತ ಮುಂಚೆ. ಆ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಲ್ಲಿ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕಿರಲಿಲ್ಲ. ಅದೇ ಲೆಕ್ಕದಲ್ಲಿ ಎಲ್ಲ ಊರಲ್ಲೂ ಗಂಡುಮಕ್ಕಳ ಹೆಸರಿಗೇ ಖಾತೆ ಮಾಡುತ್ತಿದ್ದರು. ನಿನ್ನೊಬ್ಬಳಿಗೆ ಅಂತ ಮಾಡಿದ್ದಲ್ಲ.

ನಾನು: ದೊಡ್ಡಪ್ಪ, ತಾತ ತೀರಿಕೊಂಡಿದ್ದು 2008. ಅಷ್ಟರಲ್ಲಿ 2005ರ ತಿದ್ದುಪಡಿ ಬಂದಿತ್ತು. ಅದು ಇಡೀ ದೇಶಕ್ಕೆ. ಮದುವೆ ಆಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆಯೇ ಅದರಲ್ಲಿಲ್ಲ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಖಚಿತ ಮಾಡಿತು, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ. ಅದೆಲ್ಲ ಬಿಡಿ, 1956ರ ಮೂಲ ಕಾಯ್ದೆಯಲ್ಲೇ ಅಪ್ಪನ ಸ್ವಂತ ಭಾಗದಲ್ಲಿ ಮಗಳು ವಾರಸುದಾರಳು. ಪೌತಿ ಖಾತೆಗೆ ವಂಶವೃಕ್ಷ ಕೊಟ್ಟಿರುತ್ತಾರಲ್ಲ, ಅದರಲ್ಲಿ ಅತ್ತೆ ಹೆಸರಿತ್ತಾ?

(ಉತ್ತರ ಬರಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುವುದು, ನಿಲ್ಲುವುದು.)

ಚಿಕ್ಕಪ್ಪ: ನಾವು ಮೂರು ಜನ ಬಾಯಿಮಾತಲ್ಲೇ ಪಾಲು ಮಾಡಿಕೊಂಡಿದ್ದೇವೆ. ಬೆವರು ಸುರಿಸಿ ಕಬ್ಬು ಬೆಳೆಯುತ್ತಿರೋದು ನಾನು. ಆಲೆಮನೆಗೆ ಸಾಗಿಸುವುದು ನಾನು. ನೀವೆಲ್ಲ ಊರು ಬಿಟ್ಟವರು ಫೋನ್ ಹಿಡಿದು ಕೂತು ಕಾಲಂ ಎಣಿಸುತ್ತೀರಿ. ಇದಕ್ಕೇ ಹೇಳಿದ್ದು, ಇಂಟರ್ನೆಟ್ ಸಂಬಂಧ ಹಾಳು ಮಾಡುತ್ತೆ ಅಂತ. ಅದು ಇಲ್ಲದೆ ಇದ್ದಿದ್ದರೆ ಅಕ್ಕ ಹೀಗೆ ಮಾತಾಡುತ್ತಿದ್ದಳಾ?

ಕಿರಣ: ಇಲ್ಲ. ಮಾತಾಡುತ್ತಿರಲಿಲ್ಲ.

ನಾನು: ಚಿಕ್ಕಪ್ಪ, ನೀವು ದುಡಿದಿರೋದನ್ನ ಇಲ್ಲಿ ಯಾರೂ ಇಲ್ಲ ಅಂತಿಲ್ಲ. ಅದಕ್ಕೆ ಲೆಕ್ಕ ಬೇರೆ ಹಾಕೋಣ. ಆದರೆ ಬೆಳಗ್ಗೆಯಿಂದ ನಾವು ಲಂಚ, ಕ್ಯೂ, ಸರ್ವರ್ ಅಂತ ಜಗಳ ಆಡಿದೆವು. ಕಿರಣ 15 ರೂಪಾಯಿ ಲೆಕ್ಕ ಹೇಳಿದ, ಗೀತಾ ತಾಲ್ಲೂಕಿನ ಅಧಿಕಾರ ಹೇಳಿದಳು. ಎರಡೂ ಇದೆ. ಆದರೆ ಯಾರಿಗೂ ಗೊತ್ತಾಗದ ಹಾಗೆ, ಯಾರ ಮುಖವನ್ನೂ ನೋಡದೆ, ಯಾರ ಅಪ್ಪಣೆಯನ್ನೂ ಕೇಳದೆ ತವರಿನ ಪಹಣಿ ನೋಡುವುದು ಅತ್ತೆಗೆ ಮೊದಲು ಸಾಧ್ಯ ಇತ್ತಾ? ಜಗಲಿ ಮೇಲೆ ಕೂತು ಬರೆದುಕೊಡುತ್ತಿದ್ದರು ಅಂತ ಫಾರ್ವರ್ಡ್‌ನಲ್ಲಿದೆ. ಆ ಜಗಲಿಗೆ ಹೆಂಗಸರು ಕಾಫಿ ಲೋಟ ಹಿಡಿದು ಬರುತ್ತಿದ್ದರು, ಇಟ್ಟು ಒಳಗೆ ಹೋಗುತ್ತಿದ್ದರು. ಬ್ರೋಕರ್ ನೋಡುವ ಪರದೆಯೇ ಅತ್ತೆಯೂ ನೋಡುವ ಪರದೆ. ಅದನ್ನು ಮುಚ್ಚಿದರೆ ಬ್ರೋಕರ್‌ಗೆ ಇನ್ನೊಂದು ದಾರಿ ಸಿಗುತ್ತೆ. ಅತ್ತೆಗೆ ಸಿಗಲ್ಲ.

ಗೀತಾ: ಆದರೆ ನೋಡಿದ ಮಾತ್ರಕ್ಕೆ ಏನು ಸಿಕ್ಕ ಹಾಗಾಯಿತು? ಕಂಪ್ಯೂಟರ್ ತಪ್ಪನ್ನು ತೋರಿಸುತ್ತೆ, ತಿದ್ದೋದಕ್ಕೆ ಮತ್ತೆ ಕೋರ್ಟು, ವಕೀಲರು, ಓಡಾಟ. ಮೊಮ್ಮಗ ಇಲ್ಲದೆ ಇದ್ದಿದ್ದರೆ ಅತ್ತೆ ನೋಡುತ್ತಲೂ ಇರಲಿಲ್ಲ. ಅದನ್ನೂ ಬರಿ.

(ಬರೆದಿದ್ದೇನೆ.)

ದೊಡ್ಡಪ್ಪ: ವಂಶವೃಕ್ಷದಲ್ಲಿ ಜಯ ಹೆಸರು ಇರಲಿಲ್ಲ. ಅರ್ಜಿ ಬರೆದಿದ್ದು ನಾನೇ. ಆಗ ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ.

ಜಯತ್ತೆ (ವಾಯ್ಸ್): ಕೇಳದೆ ಇದ್ದರೆ ಬೇಡ ಅಂತಾನಾ ಅಣ್ಣ?

ದೊಡ್ಡಪ್ಪ: ಈಗ ಅದನ್ನು ತಹಶೀಲ್ದಾರ್ ಸುಮ್ನೆ ತಿದ್ದಲು ಬರುವುದಿಲ್ಲ. ಮ್ಯುಟೇಷನ್ ಆದಮೇಲೆ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಮೇಲ್ಮನವಿ ಹೋಗಬೇಕು. ಸಿವಿಲ್ ಕೋರ್ಟಲ್ಲಿ ಪಾಲಿನ ದಾವೆ ಹಾಕಿದರೆ ವರ್ಷಗಟ್ಟಲೆ. ಅದು ಬೇಡ ಅಂದರೆ ನಾಲ್ಕೂ ಜನ ಸೇರಿ ಪಾಲುಪತ್ರ ಮಾಡಿಸಿ ನೋಂದಣಿ ಮಾಡಿಸಬೇಕು. ಮೊದಲು ಯಾರ ಪಾಲು ಎಲ್ಲಿ ಅಂತ ತೋರಿಸುವ 11ಇ ನಕ್ಷೆಗೆ ಅರ್ಜಿ, ಸರ್ವೆಯವರು ಬಂದು ಅಳೆಯಬೇಕು. ನೋಂದಣಿ ಆದಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಕಂಪ್ಯೂಟರಲ್ಲೇ ಭೂಮಿಗೆ ಹೋಗುತ್ತೆ, ಖಾತೆ ಬದಲಾಗುತ್ತೆ. ಅಷ್ಟು ಮಟ್ಟಿಗೆ ಒಳ್ಳೆಯದು ಮಾಡಿದ್ದಾರೆ, ಇಲ್ಲ ಅನ್ನಲ್ಲ.

ಕಿರಣ: ಅಪ್ಪ 🙏

ದೊಡ್ಡಪ್ಪ: ನೀನು ಸುಮ್ನಿರು. ನಿನ್ನ ಪಾಲಲ್ಲಿ ಕಮ್ಮಿ ಆಗುತ್ತೆ, ಗೊತ್ತಿರಲಿ.

ಚಿಕ್ಕಪ್ಪ: ಪಾಲುಪತ್ರಕ್ಕೆ ನಾನು ಸಹಿ ಹಾಕಿದರೆ ತಾನೆ?

ಜಯತ್ತೆ (ವಾಯ್ಸ್): ಹಾಕಬೇಡ ಬಿಡಪ್ಪ. ಎ.ಸಿ. ಕೋರ್ಟಲ್ಲಿ ಕೇಸು ಯಾವತ್ತಿಗೆ ಇದೆ ಅನ್ನೋದೂ ಫೋನಲ್ಲೇ ಗೊತ್ತಾಗುತ್ತಂತೆ.

ಚಿಕ್ಕಪ್ಪ: ಅಕ್ಕ, ಕೋರ್ಟು ಗೀರ್ಟು ಬೇಡ. ನಾಡಿದ್ದು ಊರಿಗೆ ಬಾ, ಕೂತು ಮಾತಾಡೋಣ. ಈ ಗುಂಪಲ್ಲಿ ಬೇಡ.

ಜಯತ್ತೆ (ವಾಯ್ಸ್): ಬರ್ತೀನಿ, ಊಟಕ್ಕೆ ಬರ್ತೀನಿ. ಮಾತು ಮಾತ್ರ ಇಲ್ಲೇ ಆಗಲಿ ಕಣೋ. ಎಲ್ಲರೂ ಕೇಳಿಸಿಕೊಳ್ಳಲಿ.