ಕಾಗದದ ಮರುತ್: ಬಣ್ಣ ಹೊಡೆಯಬೇಕೆ, ಮುದ್ರಣವನ್ನೇ ಉಳಿಸಬೇಕೆ? ಅನುಭವಸ್ಥರು ತಿಳಿಸಿ

ತುಂಗಾತೀರ (ಶಿವಮೊಗ್ಗ)

ಎಚ್‌.ಎಫ್‌.-24 ಮರುತ್ ಯುದ್ಧವಿಮಾನದ ಕಾಗದದ ಮಾದರಿಯನ್ನು 1:33 ಪ್ರಮಾಣದಲ್ಲಿ ಕಟ್ಟಲು ಹೊರಟಿದ್ದೇನೆ. ಮೂರು ನೋಟಗಳ ನಕ್ಷೆಯಿಂದ ಕಂಪ್ಯೂಟರಿನಲ್ಲಿ ಆಕಾರ ರೂಪಿಸಿ, ಪೆಪಾಕುರಾ ಎಂಬ ತಂತ್ರಾಂಶದಲ್ಲಿ ಚಪ್ಪಟೆ ಭಾಗಗಳಾಗಿ ಬಿಡಿಸಿ, ಭಾಗಗಳನ್ನು 14 ಎ4 ಹಾಳೆಗಳಿಗೆ ಹೊಂದಿಸಿಕೊಂಡಿದ್ದೇನೆ. ಈ ಹಿಂದೆ ಮಾಡಿದ ಸಣ್ಣ ಮಾದರಿಗಳಲ್ಲಿ ಒಡಲಿನ ತುಂಡುಗಳು ಕೂಡುವ ಕಡೆಯಲ್ಲೆಲ್ಲ ಬಿಳಿ ಗೆರೆ ಎದ್ದು ಕಾಣುತ್ತಿದೆ. ಮೇಲೆ ಬಣ್ಣ ಹೊಡೆದು ಮುಚ್ಚಬೇಕೆ, ಹಾಳೆಯ ಮೇಲೆ ಮುದ್ರಿಸಿದ ಬಣ್ಣವನ್ನೇ ಉಳಿಸಿಕೊಳ್ಳಬೇಕೆ? ಮರುತ್‌ನ ನಡು ಸಣ್ಣಗಾಗುವ ಭಾಗಕ್ಕೆ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಾಗದ ಸರಿಹೋಗುತ್ತದೆ? ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳವನ್ನು ಹೇಗೆ ಮಾಡುವುದು? ಒಟ್ಟು ಖರ್ಚು ಮೂರು ಸಾವಿರ ರೂಪಾಯಿ ಮೀರಬಾರದು.

ಹನ್ನೊಂದನೇ ಬ್ಲೇಡು (ಬೆಂಗಳೂರು)

ಬಣ್ಣ ಹೊಡೆಯುವುದೇ ಆದರೆ ಕಾಗದ ಏಕೆ ಬೇಕು, ಪ್ಲಾಸ್ಟಿಕ್ ಕಿಟ್ ಕೊಂಡುಕೊಳ್ಳಿ. ನಾನು ತೇಜಸ್ ಮಾಡಿದವನು. ಅದರ ಮೇಲೆ ಒಂದು ಹನಿ ಸ್ಪ್ರೇ ಕೂಡ ಬಿದ್ದಿಲ್ಲ.

ನಿಮ್ಮ ಬಿಳಿ ಗೆರೆಗೆ ಕಾರಣ ಕತ್ತರಿಸಿದ ಅಂಚು, ಮೇಲ್ಮೈ ಅಲ್ಲ. ಪ್ರತಿ ಭಾಗವನ್ನೂ ಕತ್ತರಿಸಿ, ಸುರುಳಿ ಕೊಟ್ಟು, ಅಂಟಿಲ್ಲದೆ ಜೋಡಿಸಿ ನೋಡಿದ ಮೇಲೆ, ಅಂಚಿಗೆ ಹಿಂಬದಿಯಿಂದ ಪೋಸ್ಟರ್ ಕಲರ್ ಹಚ್ಚಬೇಕು. ಸ್ಕೆಚ್ ಪೆನ್ನು ಬೇಡ, ಅದರ ಶಾಯಿ ಕಾಗದದೊಳಗೆ ಹರಡಿ ಮುಂಬದಿಯಲ್ಲಿ ಕಪ್ಪು ಅಂಚು ಕಟ್ಟುತ್ತದೆ. ಎರಡನೆಯ ಕಾರಣ, ತುಂಡುಗಳನ್ನು ಒಳಗಿನಿಂದ ಕೂಡಿಸುವ ಒಳಪಟ್ಟಿ. 0.2 ಮಿ.ಮೀ. ದಪ್ಪದ ಕಾಗದದ ಕೊಳವೆಯೊಳಗೆ ಅಷ್ಟೇ ದಪ್ಪದ ಪಟ್ಟಿ ಕೂರಬೇಕಾದರೆ ಅದು ಹೊರಗಿನದಕ್ಕಿಂತ ಸುಮಾರು 1.25 ಮಿ.ಮೀ. ಕಡಿಮೆ ಉದ್ದವಿರಬೇಕು. ಎರಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ ಪಟ್ಟಿ ಉಬ್ಬಿ ಕೀಲು ಬಾಯಿಬಿಡುತ್ತದೆ. ಪೆಪಾಕುರಾ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಕಾಗದದ ದಪ್ಪವೇ ಗೊತ್ತಿಲ್ಲ.

ಮುದ್ರಣದ ವಿಷಯದಲ್ಲಿ ನನಗಾದ ನಷ್ಟವನ್ನು ಹೇಳಲೇಬೇಕು. ನಮ್ಮ ಬಡಾವಣೆಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಹಾಳೆಗೆ 25 ರೂಪಾಯಿಯಂತೆ 12 ಹಾಳೆ ಕಲರ್ ಲೇಸರ್ ಮಾಡಿಸಿದೆ, ಕಾಗದ ನನ್ನದೇ, ಒಂದಕ್ಕೆ 8 ರೂಪಾಯಿ, ಒಟ್ಟು 396 ರೂಪಾಯಿ. ಅಳತೆ ಬದಲಿಸಬಾರದೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೂ ಅಲ್ಲಿನ ಹುಡುಗ ‘ಪುಟಕ್ಕೆ ಹೊಂದಿಸು’ ಎಂಬುದನ್ನು ಒತ್ತಿಬಿಟ್ಟಿದ್ದ. ಎಲ್ಲವೂ ಶೇ. 97ಕ್ಕೆ ಕುಗ್ಗಿ ಬಂದವು. 40 ಸೆಂ.ಮೀ. ಇರಬೇಕಾದ ತೇಜಸ್ 38.8 ಸೆಂ.ಮೀ. ಆಯಿತು, ಮನೆಯ ಪ್ರಿಂಟರಿನಲ್ಲಿ ಸರಿಯಾದ ಅಳತೆಗೆ ತೆಗೆದು ರಟ್ಟಿಗೆ ಅಂಟಿಸಿದ್ದ 50 ಮಿ.ಮೀ. ಫಾರ್ಮರ್ (ಒಡಲಿನ ಆಕಾರ ಹಿಡಿದು ನಿಲ್ಲಿಸುವ ಒಳಚೌಕಟ್ಟು) ಆ ಹೊದಿಕೆಯೊಳಗೆ ಹೋಗಲೇ ಇಲ್ಲ. ಹಣ ವಾಪಸು ಕೊಡುವುದಿಲ್ಲ ಎಂದರು. ಅಂದಿನಿಂದ ನಾನು ಪ್ರತಿ ಹಾಳೆಯ ಮೂಲೆಯಲ್ಲೂ 100 ಮಿ.ಮೀ. ಗೆರೆಯೊಂದನ್ನು ಹಾಕಿಡುತ್ತೇನೆ, ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿ ಹಣ ಕೊಡುತ್ತೇನೆ.

ಗಾಳಿಗೋಪುರ (ಧಾರವಾಡ)

ಮೇಲಿನವರು ಅಂಚಿಗೆ ಬಣ್ಣ ಹಚ್ಚುವುದು ಶುದ್ಧ ಕಲೆ, ಮೇಲ್ಮೈಗೆ ಹಚ್ಚುವುದು ಅಪರಾಧ ಎನ್ನುತ್ತಿರುವುದು ನನಗೆ ಅರ್ಥವಾಗಲಿಲ್ಲ.

ಕಾಗದ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ. ಕೊಳವೆ ಮಾಡಬಹುದು, ಶಂಕು ಮಾಡಬಹುದು, ಆದರೆ ಎರಡು ದಿಕ್ಕಿಗೂ ಬಾಗಿದ ಮೂತಿಯನ್ನು ಮಾಡಲಾಗದು. ಆದ್ದರಿಂದಲೇ ಮೂತಿಯನ್ನು ಎಸಳುಗಳಾಗಿ ಸೀಳುತ್ತೇವೆ, ಇಲ್ಲವೇ ಕತ್ತರಿಸಿದ ಶಂಕುಗಳ ಸಾಲಾಗಿ ಕಟ್ಟುತ್ತೇವೆ. ಮುದ್ರಣವನ್ನೇ ಉಳಿಸಿಕೊಂಡರೆ ಆ ಮೂಲೆಗಳೂ ಹಾಗೆಯೇ ಉಳಿಯುತ್ತವೆ. ನಾನು ಮೂತಿಗೆ ತೆಳು ಸೂಪರ್ ಗ್ಲೂ ಕುಡಿಸಿ, ಅದು ಪ್ಲಾಸ್ಟಿಕ್‌ನಂತೆ ಗಟ್ಟಿಯಾದ ಮೇಲೆ 600, ಅನಂತರ 1000 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಉರುಟು ಮಾಡುತ್ತೇನೆ. ಉಳಿದ ಒಡಲಿಗೆ ಮರಗೆಲಸದವರು ಬಳಸುವ ಸ್ಯಾಂಡಿಂಗ್ ಸೀಲರ್, ಅದರ ಮೇಲೆ ಪ್ರೈಮರ್, ಕೊನೆಗೆ ಅಕ್ರಿಲಿಕ್. ನನ್ನ ಮಾದರಿಯನ್ನು ಕೈಗೆ ಎತ್ತಿಕೊಂಡವರು ಅದರ ಹಗುರಕ್ಕೆ ಬೆರಗಾಗುತ್ತಾರೆಯೇ ಹೊರತು, ನೋಡಿ ಕಾಗದವೆಂದು ಹೇಳಿದವರಿಲ್ಲ.

ಖರ್ಚನ್ನು ಮುಚ್ಚಿಡುವುದಿಲ್ಲ. ಕಂಪ್ರೆಸರ್ 4,900, ಏರ್‌ಬ್ರಶ್ 1,450, ಪ್ರೈಮರ್ 420, ಸೀಲರ್ 260, ಥಿನ್ನರ್ 180, ಸ್ಯಾಂಡ್ ಪೇಪರ್ 90, ಬಣ್ಣದ ಶೀಶೆಗಳು 1,190, ಒಟ್ಟು 8,490 ರೂಪಾಯಿ. ಇಷ್ಟಾದ ಮೇಲೆ ಮಳೆಗಾಲದಲ್ಲಿ ಕಂಪ್ರೆಸರಿನ ಗಾಳಿಯ ಜೊತೆಗೆ ನೀರಿನ ಹನಿಗಳು ಸಿಡಿದು, ಎಡರೆಕ್ಕೆಯ ಬಣ್ಣವೆಲ್ಲ ಗುಳ್ಳೆಯೆದ್ದಿತು. ನೀರು ಹಿಡಿಯುವ ಫಿಲ್ಟರಿಗೆ ಮತ್ತೆ 650. ಅಂದರೆ 9,140 ರೂಪಾಯಿ. ಆದರೂ ಬೇಸರವಿಲ್ಲ.

ಹನ್ನೊಂದನೇ ಬ್ಲೇಡು (ಬೆಂಗಳೂರು)

ನೀವೇ ಪ್ಲಾಸ್ಟಿಕ್‌ನಂತೆ ಎಂದಿದ್ದೀರಿ. ನಾನು ಇದಕ್ಕೆ ಬೇರೇನೂ ಸೇರಿಸಬೇಕಾಗಿಲ್ಲ. 9,140 ರೂಪಾಯಿ ಸುರಿದು ಕಾಗದವನ್ನು ಕಾಗದವಲ್ಲವೆಂದು ತೋರಿಸುವುದು ಕೌಶಲವಾದರೆ, ನನ್ನ 396 ರೂಪಾಯಿಯ ನಷ್ಟವೇ ಮೇಲು.

ಕಡಲ ಗಾಳಿ (ಮಂಗಳೂರು)

ಇಬ್ಬರು ಮಹನೀಯರೂ ಒಣ ಊರಿನಲ್ಲಿ ಕುಳಿತು ವಾದಿಸುತ್ತಿದ್ದೀರಿ. ನಾನು ಅಜೀತ್ ಮಾಡಿದ್ದು ಜೂನ್ ತಿಂಗಳಲ್ಲಿ, ಮಂಗಳೂರಿನಲ್ಲಿ. 1:33ರಲ್ಲಿ ಅದು 27 ಸೆಂ.ಮೀ.ಯ ಪುಟ್ಟ ವಿಮಾನ, ಮರುತ್‌ನ 48 ಸೆಂ.ಮೀ.ಗೆ ಹೋಲಿಸಿದರೆ ಏನೂ ಅಲ್ಲ. ಆದರೂ ರೆಕ್ಕೆಗೆ ಫೆವಿಕಾಲ್ ಹಚ್ಚಿ ಮಲಗಿದವಳು ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಹೊದಿಕೆ ತೇವ ಹೀರಿ ಹಿಗ್ಗಿ, ಒಳಗಿನ ರಟ್ಟಿನ ಪಕ್ಕೆಲುಬುಗಳು ಒಂದೊಂದಾಗಿ ಎಣಿಸುವಂತೆ ಮೂಡಿದ್ದವು. ನಮ್ಮ ಮನೆಯವರು ಅದನ್ನು ಬರಗಾಲದ ದನ ಎಂದರು.

ಕಾಗದಕ್ಕೆ ನೂಲಿನ ದಿಕ್ಕು, ಅಂದರೆ ಒಳಗಿನ ನಾರುಗಳು ಸಾಲಾಗಿ ಹೋಗುವ ದಿಕ್ಕು, ಇರುತ್ತದೆ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. ತೇವ ಹೀರಿದಾಗ ಕಾಗದ ನೂಲಿನ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಸುರುಳಿಯಾಗುತ್ತದೆಯೋ ಆ ಸುರುಳಿಯ ಅಕ್ಷವೇ ನೂಲಿನ ದಿಕ್ಕು. ಒಡಲಿನ ತುಂಡುಗಳಲ್ಲಿ ಅದು ಮೂತಿಯಿಂದ ಬಾಲದ ಕಡೆಗೆ ಹೋಗಬೇಕು, ರೆಕ್ಕೆಯಲ್ಲಿ ಬುಡದಿಂದ ತುದಿಗೆ. ಹಾಳೆ ಉಳಿಸುವ ಆಸೆಯಿಂದ ಭಾಗಗಳನ್ನು ಹೇಗೆಂದರೆ ಹಾಗೆ ತಿರುಗಿಸಿ ತುಂಬಿದರೆ ಒಂದೇ ವಿಮಾನದ ಎರಡು ರೆಕ್ಕೆಗಳು ಎರಡು ರೀತಿಯಲ್ಲಿ ಸೊಟ್ಟಗಾಗುತ್ತವೆ. ನೀವು 14 ಹಾಳೆಗಳಿಗೆ ಹೊಂದಿಸಿದ್ದೇನೆ ಎಂದಾಗಲೇ ನನಗೆ ಅನುಮಾನ ಬಂದಿತು.

ಇನ್ನು ಇಂಕ್. ಅನೇಕ ಇಂಕ್ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ನೀರಿಗೆ ಕರಗದ ಪಿಗ್ಮೆಂಟ್, ಉಳಿದವು ನೀರಿಗೆ ಕರಗುವ ಡೈ. ನೀರಿನ ಅಂಟು ತಗುಲಿದೊಡನೆ ಹಸಿರು ಹರಿದು ಹಳದಿಯಾಗುತ್ತದೆ. ಮುದ್ರಿಸಿದ ಮೇಲೆ ಪಾರದರ್ಶಕ ಮ್ಯಾಟ್ ಲ್ಯಾಕರನ್ನು ತೆಳುವಾಗಿ ಸ್ಪ್ರೇ ಮಾಡಿ, ಒಂದು ದಿನ ಒಣಗಿಸಿ, ಆಮೇಲೆ ಬ್ಲೇಡು ಮುಟ್ಟಬೇಕು. ಲೇಸರಿನವರಿಗೆ ಈ ಕಾಟವಿಲ್ಲ, ಆದರೆ ಮಡಿಕೆಯಲ್ಲಿ ಟೋನರ್ ಬಿರುಕುಬಿಡುತ್ತದೆ. ಬೆಂಗಳೂರಿನವರು ಅದನ್ನು ಹೇಳದೆ ಬಿಟ್ಟದ್ದೇಕೆ?

ಹನ್ನೊಂದನೇ ಬ್ಲೇಡು (ಬೆಂಗಳೂರು)

ಮೇಡಂ, ಮಡಿಸುವ ಮೊದಲು ಬರೆದು ಮುಗಿದ ಬಾಲ್ ಪೆನ್ನಿನಿಂದ ಗೀರಿದರೆ ಟೋನರ್ ಬಿರುಕುಬಿಡುವುದಿಲ್ಲ.

ಕಡಲ ಗಾಳಿ (ಮಂಗಳೂರು)

ಬಿಡುತ್ತದೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಖಂಡಿತ ಬಿಡುತ್ತದೆ. ನಿಮ್ಮ ತೇಜಸ್‌ನ ರೆಕ್ಕೆಯ ಮುಂದಿನ ಅಂಚಿನ ಚಿತ್ರವನ್ನು ಹತ್ತಿರದಿಂದ ತೆಗೆದು ಹಾಕಿ.

ವಾರ್ಸಾ ಕನ್ನಡಿಗ (ಪೋಲೆಂಡ್)

ಮೂರು ನೋಟಗಳ ನಕ್ಷೆಯಿಂದ ಸ್ವಂತ ವಿನ್ಯಾಸ ಮಾಡುವ ಸಾಹಸವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಇಲ್ಲಿ ಕಾಗದದ ಮಾದರಿಗಳ ಪತ್ರಿಕೆ 1950ರ ದಶಕದ ಕೊನೆಯಿಂದಲೇ ಬರುತ್ತಿತ್ತು. ಪ್ಲಾಸ್ಟಿಕ್ ಕಿಟ್ ಸುಲಭವಾಗಿ ಸಿಗದ ಕಾಲದಲ್ಲಿ ಶಾಲೆಯ ಮಕ್ಕಳು ಅದನ್ನು ಕತ್ತರಿಸಿಯೇ ವಿಮಾನ ಕಲಿತರು. 1:33 ಎಂಬ ಪ್ರಮಾಣ ನಮ್ಮ ಕೈಗೆ ಬಂದಿರುವುದೂ ಇಲ್ಲಿಂದಲೇ. ಇಲ್ಲಿನ ಪ್ರಕಾಶಕ ಹಾಲಿನ್ಸ್ಕಿಯ ಕಿಟ್ ಬಿಡಿಸಿ ನೋಡಿದವರಿಗೆ ಕಾಕ್‌ಪಿಟ್ಟಿನ ಗುಂಡಿಗಳವರೆಗೂ ಕಾಗದದಲ್ಲೇ ಮಾಡಲು ಸಾಧ್ಯವೆಂಬುದು ಗೊತ್ತಿರುತ್ತದೆ.

ಊರಿನಲ್ಲಿರುವ ತಮ್ಮನಿಗೆಂದು ಕಿಟ್ ಒಂದನ್ನು ಕಳುಹಿಸಿದ್ದೆ. ಕಿಟ್ 1,650, ಲೇಸರಿನಲ್ಲಿ ಕತ್ತರಿಸಿದ ಫಾರ್ಮರ್ 900, ಮುಚ್ಚಳ 350, ಅಂಚೆ 2,100, ಅಲ್ಲಿ ತಲುಪಿದ ಮೇಲೆ ಸುಂಕ 1,180, ಒಟ್ಟು 6,180 ರೂಪಾಯಿ. ಪೊಟ್ಟಣವನ್ನು ಯಾರೋ ಮಧ್ಯಕ್ಕೆ ಮಡಿಸಿದ್ದರಿಂದ ಎಲ್ಲ ಹಾಳೆಗಳ ನಡುವೆ ಒಂದು ಮಡಿಕೆ ಬಿದ್ದಿತ್ತು. ಆದರೂ ಭಾಗಗಳು ಕೂಡುವ ರೀತಿಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಪರೀಕ್ಷಿಸಿದ ವಿನ್ಯಾಸದ ಬೆಲೆ ಅದು.

ಗಾಳಿಗೋಪುರ (ಧಾರವಾಡ)

ಪರೀಕ್ಷಿಸಿದ ಮರುತ್ ಕಿಟ್ ನಿಮ್ಮ ವಾರ್ಸಾದ ಅಂಗಡಿಯಲ್ಲಿ ಇದ್ದರೆ ತಿಳಿಸಿ, ನಾನೇ ಮೊದಲು ಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಹುಟ್ಟಿ 1961ರ ಜೂನ್ 17ರಂದು ಮೊದಲ ಸಲ ಹಾರಿದ ವಿಮಾನವನ್ನು ಮಾಡಲು ಹೊರಟವರಿಗೆ ಬೇರೆ ಯಾವುದೋ ವಿಮಾನದ ಕಿಟ್ ಕೊಳ್ಳಿ ಎನ್ನುವುದು ಉತ್ತರವಲ್ಲ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ. ನಡು ಸಣ್ಣಗಾಗುವ ಭಾಗದ ಬಗ್ಗೆ ಮತ್ತು ಮುಚ್ಚಳದ ಬಗ್ಗೆ ಯಾರಾದರೂ ಹೇಳಬಹುದೇ?

ಹಳೆಯ ರಿವೆಟ್ (ಬೆಂಗಳೂರು)

ಲೋಹದ ಹಾಳೆಯ ಕೆಲಸದಲ್ಲಿ ಬದುಕು ಕಳೆದು ನಿವೃತ್ತನಾದವನು ನಾನು. ಮೇಲಿನ ಮಾತುಗಳಲ್ಲಿ ನೈಜತೆ ಎಂಬುದು ಬಹಳ ಸಲ ಬಂದಿದೆ, ಆದರೆ ನಿಜವಾದ ವಿಮಾನದ ಮೈ ಹೇಗಿರುತ್ತದೆ ಎಂದು ಒಬ್ಬರೂ ಹೇಳಲಿಲ್ಲ.

ಕಪ್ಪು ಪ್ಯಾನೆಲ್ ಗೆರೆಗಳನ್ನು ಎಳೆಯುವುದು ಈಗ ರೂಢಿಯಾಗಿದೆ. 1:33ರಲ್ಲಿ 0.3 ಮಿ.ಮೀ. ಗೆರೆ ಎಂದರೆ ನಿಜ ವಿಮಾನದಲ್ಲಿ ಸುಮಾರು 10 ಮಿ.ಮೀ. ಸೀಳು. ಅಂಥ ಸೀಳಿರುವ ಯುದ್ಧವಿಮಾನವನ್ನು ಯಾವ ಪರೀಕ್ಷಾ ಚಾಲಕನೂ ಹತ್ತುವುದಿಲ್ಲ. ಮೈಬಣ್ಣಕ್ಕಿಂತ ಸ್ವಲ್ಪವೇ ಗಾಢವಾದ, ಪ್ರಿಂಟರ್ ತೆಗೆಯಬಲ್ಲ ಅತಿ ತೆಳುವಾದ ಗೆರೆ ಸಾಕು. ಎಷ್ಟೋ ಕಡೆ ಅದೂ ಬೇಡ. ಇನ್ನೊಂದು ಮಾತು: ಫಾರ್ಮರುಗಳ ನಡುವೆ ಹೊದಿಕೆ ಅತಿ ಸ್ವಲ್ಪ ತಗ್ಗಿ, ಓರೆ ಬೆಳಕಿನಲ್ಲಿ ಮಾತ್ರ ತಿಳಿಯುವಂತಿದ್ದರೆ ಅದು ದೋಷವಲ್ಲ. ತೆಳು ಲೋಹದ ಹೊದಿಕೆಯೂ ಹಾಗೆಯೇ ಇರುತ್ತದೆ. ಧಾರವಾಡದವರು ಉಜ್ಜಿ ಉಜ್ಜಿ ಮಾಡುವ ನುಣುಪು ನಿಜ ವಿಮಾನದಲ್ಲಿ ಇಲ್ಲವೇ ಇಲ್ಲ.

ಪ್ರಶ್ನೆಗೆ ಬರುತ್ತೇನೆ. ಮರುತ್‌ನ ಒಡಲು ಏರಿಯಾ ರೂಲ್ (ಶಬ್ದದ ವೇಗದ ಬಳಿ ಗಾಳಿಯ ತಡೆ ತಗ್ಗಿಸಲು ಒಡಲನ್ನು ರೂಪಿಸುವ ನಿಯಮ) ಪ್ರಕಾರ ರೆಕ್ಕೆಯ ಬಳಿ ಸಣ್ಣಗಾಗಿ ಹಿಂದೆ ಮತ್ತೆ ದಪ್ಪವಾಗುತ್ತದೆ. ಈ ನಡುವನ್ನು ಸಮ ಉದ್ದದ ತುಂಡುಗಳಾಗಿ ಹಂಚಬೇಡಿ. ಬಾಗು ಹೆಚ್ಚಿರುವ ಕಡೆ ಹೆಬ್ಬೆರಳಿನ ಅಗಲಕ್ಕೂ ಕಡಿಮೆ, ಅಂದರೆ 12ರಿಂದ 15 ಮಿ.ಮೀ. ತುಂಡುಗಳು, ನೇರವಿರುವ ಕಡೆ 40 ಮಿ.ಮೀ. ಇದ್ದರೂ ಆಗುತ್ತದೆ. ಕೀಲುಗಳನ್ನು ನಿಜವಾದ ಪ್ಯಾನೆಲ್ ಗೆರೆಗಳ ಮೇಲೆಯೇ ಬೀಳಿಸಿದರೆ ಅರ್ಧದಷ್ಟು ಬಿಳಿ ಗೆರೆಗಳು ತಾವಾಗಿಯೇ ಮಾಯವಾಗುತ್ತವೆ. ಕಾಗದ 160 ಜಿಎಸ್‌ಎಂ ಸಾಕು, 220 ಹಾಕಿದರೆ ಆ ಸಣ್ಣ ತುಂಡುಗಳು ಉರುಟಾಗದೆ ಮೂಲೆ ಬೀಳುತ್ತವೆ. ಅರ್ಧಶಂಕುಗಳಿರುವ ಎರಡು ಪಕ್ಕದ ಗಾಳಿಬಾಯಿಗಳನ್ನೂ ಮೂತಿಯಲ್ಲಿರುವ ನಾಲ್ಕು 30 ಮಿ.ಮೀ. ಫಿರಂಗಿಗಳ ಬಾಯಿಗಳನ್ನೂ ಚಿತ್ರವಾಗಿ ಮುದ್ರಿಸದೆ ನಿಜವಾದ ಕುಳಿಗಳಾಗಿ ಮಾಡಿ. ಒಳಗಿನ ಕತ್ತಲೆ ಮುದ್ರಣದಿಂದ ಬರುವುದಿಲ್ಲ. ಹಿಂದೆ ಅಕ್ಕಪಕ್ಕದಲ್ಲಿರುವ ಎರಡು ಎಂಜಿನ್ ಕೊಳವೆಗಳಿಗೂ ಇದೇ ಮಾತು.

ಗಾಳಿಗೋಪುರ (ಧಾರವಾಡ)

ಹಿರಿಯರು ಕ್ಷಮಿಸಬೇಕು. ನಾನು ಎಚ್‌.ಎ.ಎಲ್‌. ವಸ್ತುಸಂಗ್ರಹಾಲಯದ ಮರುತ್ ಅನ್ನು ಕಣ್ಣಾರೆ ನೋಡಿ, ಚಿತ್ರ ತೆಗೆದುಕೊಂಡು, ಅದೇ ಬಣ್ಣ ಬೆರೆಸಿದ್ದೇನೆ. ನನ್ನ ನುಣುಪು ಅಲ್ಲಿಯದೇ.

ಹಳೆಯ ರಿವೆಟ್ (ಬೆಂಗಳೂರು)

ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನಕ್ಕೆ ಪ್ರದರ್ಶನದ ಬಣ್ಣ ಇರುತ್ತದೆ. ದಪ್ಪ ಬಣ್ಣದ ಕೆಳಗೆ ರಿವೆಟ್ ಕಾಣದಿರುವುದು ವಿಮಾನದ ಗುಣವಲ್ಲ, ಬಣ್ಣದ ಗುಣ. ಆಕಾರವನ್ನು ಅಲ್ಲಿ ಅಳೆಯಿರಿ, ಬಣ್ಣಕ್ಕೆ ವಿಮಾನ ಸೇವೆಯಲ್ಲಿದ್ದಾಗಿನ ಚಿತ್ರಗಳನ್ನು ನೋಡಿ.

ಹನ್ನೊಂದನೇ ಬ್ಲೇಡು (ಬೆಂಗಳೂರು)

ನಾನು ಹೇಳಿದ್ದೂ ಇದನ್ನೇ. ಬಣ್ಣ ಬೇಡ.

ಹಳೆಯ ರಿವೆಟ್ (ಬೆಂಗಳೂರು)

ನಾನು ಹಾಗೆ ಹೇಳಲಿಲ್ಲ. ತೆಳ್ಳಗೆ ಹೊಡೆಯಿರಿ ಎಂದೆ.

ಹನ್ನೊಂದನೇ ಬ್ಲೇಡು (ಬೆಂಗಳೂರು)

ತೆಳ್ಳಗೆ ಎಂಬ ಪದ ನಿಮ್ಮ ಮೇಲಿನ ಬರಹದಲ್ಲಿ ಗೆರೆಗೆ ಬಂದಿದೆಯೇ ಹೊರತು ಬಣ್ಣಕ್ಕಲ್ಲ. ಬೇಕಾದರೆ ಮತ್ತೊಮ್ಮೆ ಓದಿಕೊಳ್ಳಿ.

ಕಡಲ ಗಾಳಿ (ಮಂಗಳೂರು)

ತೇಜಸ್‌ನ ಚಿತ್ರ ಇನ್ನೂ ಬಂದಿಲ್ಲ ಎಂಬುದನ್ನು ಗಮನಿಸಿದ್ದೇನೆ.

ತುಂಗಾತೀರ ಅವರೇ, ಮುಚ್ಚಳದ ಪ್ರಶ್ನೆಗೆ ನನ್ನ ಉತ್ತರ ಇದು. ಓಎಚ್‌ಪಿ ಹಾಳೆ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೂ ಕಾಗದದಂತೆ ಒಂದೇ ದಿಕ್ಕಿಗೆ ಬಾಗುತ್ತದೆ, ಆದ್ದರಿಂದ ಮುಂದಿನ ಚಪ್ಪಟೆ ಗಾಜುಗಳಿಗೆ ಮಾತ್ರ ಅದನ್ನು ಬಳಸಿ. ಉಬ್ಬಿದ ಭಾಗಕ್ಕೆ ಮೆದುಮರದಲ್ಲಿ ಆಕಾರ ಕೆತ್ತಿ, 1000 ನಂಬರಿನಲ್ಲಿ ನುಣ್ಣಗೆ ಉಜ್ಜಿ, ತಂಪು ಪಾನೀಯದ ನೇರ ಗೋಡೆಯ ಬಾಟಲಿಯೊಳಗೆ ಬಿಗಿಯಾಗಿ ತುರುಕಿ, ಹೊರಗಿನಿಂದ ಹಾಟ್ ಏರ್ ಗನ್ ಹಿಡಿಯಿರಿ. ಬಾಟಲಿ ಕುಗ್ಗಿ ಮರದ ಅಚ್ಚಿಗೆ ಅಂಟಿದಂತೆ ಕೂರುತ್ತದೆ. ಮರ ಕೆತ್ತುವಾಗ ಪ್ಲಾಸ್ಟಿಕ್‌ನ ದಪ್ಪವನ್ನು ಸುತ್ತಲೂ ಕಳೆದುಕೊಳ್ಳಿ, ಇಲ್ಲವಾದರೆ ಮುಚ್ಚಳ ಒಡಲಿಗಿಂತ ಅಗಲವಾಗುತ್ತದೆ. ಅಂಟಿಸಲು ಸೂಪರ್ ಗ್ಲೂ ಬೇಡ, ಅದರ ಆವಿಯಿಂದ ಒಳಗೆ ಬಿಳಿ ಮಂಜು ಹಿಡಿಯುತ್ತದೆ. ಇಲ್ಲಿ ಮಾತ್ರ ಫೆವಿಕಾಲ್ ಒಳ್ಳೆಯದು. ಬಾಟಲಿಗೆ 40 ರೂಪಾಯಿ, ಗನ್ ನಮ್ಮ ಮೊಬೈಲ್ ರಿಪೇರಿಯವರದು, ಮರದ ತುಂಡಿಗೆ ಬಡಗಿ ಹಣ ತೆಗೆದುಕೊಳ್ಳಲಿಲ್ಲ.